ಬಂದೂಕಿನ ಹಿತ್ತಾಳೆಯನ್ನು ಉಜ್ಜಬೇಕೆ?

ಹಿತ್ತಾಳೆ ಕಪ್ಪಾಗಿದ್ದರೆ ನಮ್ಮ ಕಡೆ ಸೊಸೆಗೆ ಬೈಗುಳ ಬೀಳುತ್ತದೆ. ಇಂದಿರಾನಗರದಲ್ಲಿ ಅದಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೊಂದು ದೀಪ ಇಟ್ಟು, ಹೊರಗೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸುತ್ತಾರೆ. ಈ ಜ್ಞಾನ ನನಗೆ ಬಂದದ್ದು ನಲವತ್ತರ ಹತ್ತಿರ ಹತ್ತಿರ, ಕಚೇರಿಯ ಗೆಳತಿಯೊಬ್ಬಳ ದೆಸೆಯಿಂದ. ಹೊಸ ಮನೆಯ ಗೋಡೆಗೆ ಏನಾದರೂ ಹಳೆಯದು ಬೇಕು ಎಂದು ಆಕೆ ನನ್ನನ್ನು ಒಂದು ಅಂಗಡಿಗೆ ಎಳೆದುಕೊಂಡು ಹೋದಳು. ಮನೆ ಹೊಸದು, ಗೋಡೆ ಹೊಸದು, ಗಂಡ ಒಬ್ಬನೇ ಸ್ವಲ್ಪ ಹಳಬ. ಅವನನ್ನೇ ನೇತುಹಾಕು ಎಂದು ನಾನು ಹೇಳಿದ್ದು ಅವಳಿಗೆ ಹಿಡಿಸಲಿಲ್ಲ.

ಆ ಅಂಗಡಿಯ ಗೋಡೆಯ ಮೇಲಿತ್ತು ಬಂದೂಕು. ನಳಿಗೆಯ ಬಾಯಿಂದ ಮದ್ದು ಸುರಿದು, ಸಲಾಕೆಯಿಂದ ಜಡಿದು, ಕೇಪು ಇಟ್ಟು ಹೊಡೆಯುವ ಹಳೆಯ ಒಂಟಿ ನಳಿಗೆ. ನಳಿಗೆಗೆ ಸೀಸ ಹೊಯ್ದು ಮುಚ್ಚಿದ್ದರು, ಆದ್ದರಿಂದ ಲೈಸೆನ್ಸಿನ ಗೊಡವೆಯಿಲ್ಲ. ಬೆರಳಿನಿಂದ ಎಳೆಯುವ ಕುದುರೆಯ ಕೆಳಗಿನ ಬಳೆ, ನಳಿಗೆಯನ್ನು ಮರಕ್ಕೆ ಬಿಗಿದ ಪಟ್ಟಿಗಳು, ಹೆಗಲಿಗೆ ಆನಿಸುವ ಹಿಂಬದಿಯ ತಗಡು ಎಲ್ಲವೂ ಹಿತ್ತಾಳೆಯವು, ಎಲ್ಲವೂ ಒಲೆಯ ಮೇಲೆ ಮರೆತ ಪಾತ್ರೆಯ ತಳದ ಬಣ್ಣದವು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸ್ವಲ್ಪ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಲಕ್ಷಣವಾಗಿರುತ್ತಲ್ಲ ಎಂದುಬಿಟ್ಟೆ. ಕೂದಲನ್ನು ಹಿಂದೆ ಜುಟ್ಟು ಕಟ್ಟಿದ್ದ ಅಂಗಡಿಯವರು ಎದೆಯ ಮೇಲೆ ಕೈ ಇಟ್ಟುಕೊಂಡರು.

“ಅಯ್ಯೋ, ಬೇಡ ಮೇಡಂ. ಇದು ಪಟೀನಾ, ಕಾಲ ಕೊಟ್ಟ ಬಣ್ಣ. ಉಜ್ಜಿದ್ರೆ ಹಿಸ್ಟರಿನೇ ಹೊರಟ್ಹೋಗುತ್ತೆ.”

ಇತಿಹಾಸವೆಂದರೆ ಕೊಳೆ ಎಂದು ನನಗೆ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಮನೆಯಲ್ಲೂ ಇಂಥದೊಂದು ತಗಡಿದೆ, ನಾವು ಅದನ್ನು ಉಜ್ಜುತ್ತೇವೆ ಎಂದೆ. ಮಗುವಿಗೆ ಹೆಂಡ ಕುಡಿಸುತ್ತೇವೆ ಎಂದು ಹೇಳಿದವಳನ್ನು ನೋಡುವಂತೆ ಅವರು ನನ್ನನ್ನು ನೋಡಿದರು. ಇನ್ನಾದರೂ ನಿಲ್ಲಿಸಿ ಎಂದು ಕೈ ಮುಗಿದು ಕೇಳಿಕೊಂಡರು. ಗೆಳತಿ ಕೊನೆಗೆ ಒಂದು ಕಪ್ಪು ಹಿಡಿಯ ಬೀಸುವ ಕಲ್ಲನ್ನು ಕೊಂಡಳು. ಬೀಸಲಿಕ್ಕಲ್ಲ, ಅದರ ಮೇಲೆ ಟೆಲಿಫೋನ್ ಇಡಲಿಕ್ಕೆ.

ಈ ಜನರ ಭಕ್ತಿಯನ್ನು ಕಂಡರೆ ನನಗೆ ಶಿವಾಜಿನಗರದ ಗೌಸ್ ಭಾಯಿಯ ನೆನಪಾಗುತ್ತದೆ. ಪುಲಿಕೇಶಿನಗರದ ನನ್ನ ಕಚೇರಿಯಿಂದ ಬಸ್ ನಿಲ್ದಾಣಕ್ಕೆ ನಡೆದುಬರುವ ದಾರಿಯಲ್ಲಿ, ಗುಜರಿ ಸಾಲಿನ ಒಂದು ಮೂಲೆಯಲ್ಲಿ ಅವರ ಹಿತ್ತಾಳೆ ಅಂಗಡಿ. ಅಂಗಡಿಯ ಎಡಕ್ಕೆ ಒಬ್ಬ ಹಳೆಯ ಕಪ್ಪು ಹೂಜಿಗಳನ್ನು ಚಕ್ರಕ್ಕೆ ಹಿಡಿದು ಹೊಳೆಯಿಸುತ್ತಿದ್ದ. ಬಲಕ್ಕೆ ಇನ್ನೊಬ್ಬ ಹೊಚ್ಚ ಹೊಸ ಹೂಜಿಗಳಿಗೆ ಉಪ್ಪುನೀರನ್ನೂ ಮೂಗು ಸುಡುವ ಯಾವುದೋ ದ್ರಾವಣವನ್ನೂ ಬಳಿದು ಕಪ್ಪು ಮಾಡುತ್ತಿದ್ದ. ಇದೇನು ಭಾಯಿ, ಇವನು ಬೆಳಗಿದ್ದನ್ನು ಅವನು ಮಸುಕು ಮಾಡುತ್ತಾನಲ್ಲ ಎಂದು ಒಮ್ಮೆ ಕೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟು ಶಾಂತವಾಗಿ ಹೇಳಿದರು: “ಹೊಸಾದು ಕೇಳೋರ್ಗೆ ಹೊಸಾದು, ಹಳೇದು ಕೇಳೋರ್ಗೆ ಹಳೇದು. ಮಾಲ್ ಎಲ್ಲಾ ಒಂದೇ ಬೆಹೆನ್.” ಹಿತ್ತಾಳೆಯ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಾನು ಆಮೇಲೆ ಕೇಳಿಲ್ಲ. ಇಂದಿರಾನಗರದ ಆ ಬಂದೂಕಿನ ಇತಿಹಾಸ ಬಲಗಡೆಯವನ ಬಕೆಟ್ಟಿನಲ್ಲೇ ಹುಟ್ಟಿದ್ದರೂ ನನಗೆ ಆಶ್ಚರ್ಯವಿಲ್ಲ.

ಬಂದೂಕಿನ ಹಿತ್ತಾಳೆಯ ವಿಷಯದಲ್ಲಿ ಇವಳದೇನು ಅಧಿಕಾರ ಎಂದು ನೀವು ಕೇಳಬಹುದು. ಸ್ವಾಮಿ, ಹೊಳೆಯುವ ಹಿತ್ತಾಳೆ ಮೇಲೋ ಕಪ್ಪು ಹಿತ್ತಾಳೆ ಮೇಲೋ ಎಂಬ ಜಗಳದಲ್ಲಿ ನನ್ನ ಮಗಳ ನಾಮಕರಣವೇ ನಿಂತುಹೋಗುವುದರಲ್ಲಿತ್ತು. ಒಂದು ಕಡೆ ನನ್ನ ಅಪ್ಪ, ಇನ್ನೊಂದು ಕಡೆ ನನ್ನ ಮಾವ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಎತ್ತು ಯಾರು, ಕೋಣ ಯಾರು ಎಂದು ನಾನು ಹೇಳುವುದಿಲ್ಲ. ಇಬ್ಬರೂ ನನ್ನನ್ನು ಸಾಕಿದವರು.

ಅಪ್ಪನದು ಕೃಷ್ಣರಾಜಪುರದ ಆಚೆಯ ಒಂದು ಹಳ್ಳಿಯಲ್ಲಿ ದ್ರಾಕ್ಷಿ ತೋಟ. ಗಿಳಿ, ಗೊರವಂಕಗಳನ್ನು ಓಡಿಸಲು ಒಂದು ಬಂದೂಕು, ಅದಕ್ಕೊಂದು ಲೈಸೆನ್ಸು. ಅದನ್ನು ತುಂಬುವುದು ಒಂದು ಅಡುಗೆ ಮಾಡಿದಂತೆ. ಮದ್ದು ಸುರಿ, ತೆಂಗಿನ ನಾರು ತುರುಕು, ಸಲಾಕೆಯಿಂದ ಜಡಿ, ಕೇಪು ಹುಡುಕು, ಕೇಪು ಅಂಗಿಯ ಜೇಬಿನಲ್ಲಿ ಇಲ್ಲವೆಂದು ಅಮ್ಮನನ್ನು ಬೈ. ಅಷ್ಟರಲ್ಲಿ ಗಿಳಿಗಳು ಊಟ ಮುಗಿಸಿ, ಬಾಯಿ ಒರೆಸಿಕೊಂಡು ಹೊಸಕೋಟೆಯ ಕಡೆ ಹೊರಟಿರುತ್ತಿದ್ದವು. ಅಪ್ಪ ಆಮೇಲೆ ಢಂ ಎನಿಸುತ್ತಿದ್ದರು. ಅದು ಗಿಳಿಗಳನ್ನು ಬೀಳ್ಕೊಡುವ ಮರ್ಯಾದೆಯಷ್ಟೇ.

ಆದರೆ ಬಂದೂಕಿನ ಕೆಲಸ ಅದಲ್ಲ. ಅದರ ಕೆಲಸ ನಡುಮನೆಯ ಗೋಡೆಯ ಮೇಲೆ ತೂಗುತ್ತಾ ಕತೆಯಾಗುವುದು. ಬೆಂಗಳೂರು ದಂಡಿನ ಒಬ್ಬ ಇಂಗ್ಲಿಷ್ ದೊರೆ ನಮ್ಮೂರ ಕೆರೆಗೆ ಬಾತುಕೋಳಿ ಬೇಟೆಗೆ ಬಂದಿದ್ದನಂತೆ. ನಮ್ಮ ತಾತ ಸೊಂಟದ ಮಟ್ಟದ ನೀರಿಗಿಳಿದು ಅವನ ಬಾತುಗಳನ್ನೆಲ್ಲ ಹೆಕ್ಕಿಕೊಟ್ಟರಂತೆ. ಮೆಚ್ಚಿದ ದೊರೆ ತನ್ನ ಬಂದೂಕನ್ನೇ ತಾತನ ಕೈಗಿತ್ತು, ನೀನೇ ಇದಕ್ಕೆ ತಕ್ಕ ಗಂಡಸು ಎಂದನಂತೆ. ಯಾವ ಭಾಷೆಯಲ್ಲಿ ಎಂದ, ತಾತನಿಗೆ ಹೇಗೆ ತಿಳಿಯಿತು ಎಂದು ಯಾರೂ ಕೇಳುವ ಹಾಗಿರಲಿಲ್ಲ. ಅಪ್ಪ ಈ ಕತೆಯನ್ನು ತಹಸೀಲ್ದಾರರಿಗೆ ಹೇಳಿದ್ದರು, ಗೊಬ್ಬರದ ಅಂಗಡಿಯವನಿಗೆ ಹೇಳಿದ್ದರು, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಉಪ್ಪಿಟ್ಟು ಬರುವ ಮೊದಲೇ ಹೇಳಿದ್ದರು. ಹಿಂಬದಿಯ ತಗಡನ್ನು ತೋರಿಸಿ, ಇದು ಸೀಮೆಯ ಹಿತ್ತಾಳೆ, ಇಂಥದ್ದು ಇಲ್ಲಿ ಸಿಗಲ್ಲ ಎಂದು ಮುಗಿಸುತ್ತಿದ್ದರು.

ಆ ಸೀಮೆಯ ಹಿತ್ತಾಳೆ ಕಾಡಿಗೆಯ ಹಾಗೆ ಕಪ್ಪಗಿತ್ತು. ಅದನ್ನು ಉಜ್ಜಲು ಮಾತ್ರ ಅಪ್ಪ ಬಿಡುತ್ತಿರಲಿಲ್ಲ. ಅಮ್ಮ ಆಯುಧಪೂಜೆಗೆ ದೀಪದ ಕಂಬ, ಗಂಟೆ, ಕೊನೆಗೆ ಬಾಗಿಲ ಚಿಲಕವನ್ನೂ ಬಿಡದೆ ಬೆಳಗುವವಳು. ಬಂದೂಕಿನ ಹತ್ತಿರ ಬಂದಾಗ ಅವಳ ಹುಣಸೆಹಣ್ಣು ತಾನಾಗಿ ನಿಂತುಬಿಡುತ್ತಿತ್ತು. ಬೇಟೆಯ ಬಂದೂಕು ಹೊಳೆಯಬಾರದು, ಹೊಳಪು ಕಂಡರೆ ಹಕ್ಕಿ ಎಚ್ಚೆತ್ತು ಹಾರಿಹೋಗುತ್ತದೆ ಎಂಬುದು ಅಪ್ಪನ ಶಾಸ್ತ್ರ. ಹಕ್ಕಿ ಹಾರಿಹೋಗಲಿ ಎಂದೇ ತೋಟದ ತುಂಬ ನಾವು ಹಳೆಯ ಕ್ಯಾಸೆಟ್ಟಿನ ಮಿರುಗುವ ಟೇಪು ಕಟ್ಟಿದ್ದೆವು. ಹಾಗಿದ್ದರೆ ಬಂದೂಕೂ ಹೊಳೆದರೆ ಒಳ್ಳೆಯದಲ್ಲವಾ ಎಂದು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕೇಳಿದ್ದೆ. ಹೆಣ್ಣುಮಕ್ಕಳಿಗೆ ತರ್ಕ ಬಂದರೆ ಮನೆ ಕೆಡುತ್ತದೆ ಎಂಬ ಉತ್ತರ ಸಿಕ್ಕಿತು. ನಾನು ಪ್ರಥಮ ದರ್ಜೆಯಲ್ಲಿ ಪಾಸಾಗುವುದಕ್ಕೆ ಈ ಮಾತೇ ಕಾರಣ.

ಬಂದೂಕಿಗೂ ಒಬ್ಬರು ಭಕ್ತರಿದ್ದರು ಎಂದು ನನಗೆ ಬಹಳ ಕಾಲ ಗೊತ್ತಾಗಿರಲಿಲ್ಲ. ನಮ್ಮ ಅಜ್ಜಿ, ಅಪ್ಪನ ತಾಯಿ, ನೆಲ ಗುಡಿಸುವಾಗ ನಿಂತು, ಸೆರಗಿನ ತುದಿಯಲ್ಲಿ ಆ ಹಿಂಬದಿಯ ತಗಡನ್ನು ಮಾತ್ರ ಒರೆಸಿ, ಹೆಬ್ಬೆರಳಿನಿಂದ ಸವರಿ ಮುಂದೆ ಹೋಗುತ್ತಿದ್ದಳು. ಊರಿನ ಹೆಂಗಸರೆಲ್ಲ ಹಿತ್ತಾಳೆ ಬಿಂದಿಗೆ ಹೊತ್ತು ಬಾವಿಗೆ ಹೋದರೆ ಅವಳೊಬ್ಬಳು ಮಣ್ಣಿನ ಗಡಿಗೆ ಒಯ್ಯುತ್ತಿದ್ದಳು. ಕೇಳಿದರೆ ಹಿತ್ತಾಳೆ ಭಾರ ಕಣೇ ಎನ್ನುತ್ತಿದ್ದಳು. ಎರಡು ಮೂಟೆ ರಾಗಿಯನ್ನು ಒಬ್ಬಳೇ ಗಾಡಿಗೆ ಹಾಕುತ್ತಿದ್ದವಳಿಗೆ ಒಂದು ಬಿಂದಿಗೆ ಭಾರವೇ ಎಂದು ನಾನು ಯೋಚಿಸಲಿಲ್ಲ. ನನ್ನ ತರ್ಕವೆಲ್ಲ ಗಿಳಿಗಳಿಗೇ ಖರ್ಚಾಗಿತ್ತು.

ಇನ್ನು ಮಾವ. ಹಲಸೂರಿನ ಕೆರೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಮಿಲಿಟರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಅವರ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿ, ಹಿತ್ತಾಳೆ ಉಜ್ಜುವವರು ಮತ್ತು ಸೋಮಾರಿಗಳು. ತೊಂಬತ್ತಮೂರರಲ್ಲಿ ನಾನು ಆ ಮನೆಗೆ ಸೊಸೆಯಾಗಿ ಹೋದ ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಗ್ಯಾಸ್ ಒಲೆಯ ಬರ್ನರುಗಳು ಕಾಣೆಯಾಗಿದ್ದವು. ಮಾವ ಅವನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿ ಪಾಲಿಶ್ ಮಾಡುತ್ತಿದ್ದರು. ಕಾಫಿ ಹನ್ನೊಂದಕ್ಕಾಯಿತು. ನಲ್ಲಿ, ಬೀಗ, ನನ್ನ ಗಂಡನ ಬೆಲ್ಟಿನ ಬಕಲು, ಯಾವುದಕ್ಕೂ ಬಿಡುಗಡೆಯಿಲ್ಲ. ಮನೆಯ ಮುಂದೆ ಅವರ ಹೆಸರು ಕೆತ್ತಿದ್ದ ಒಂದು ಹಿತ್ತಾಳೆ ಫಲಕವಿತ್ತು. ಅದನ್ನು ದಿನಕ್ಕೊಮ್ಮೆಯಂತೆ ಇಪ್ಪತ್ತು ವರ್ಷ ಉಜ್ಜಿದ್ದರಿಂದ ಹೆಸರು ಸವೆದು ಪೂರ್ತಿ ಅಳಿಸಿಹೋಗಿತ್ತು. ಹೊಸ ಪೋಸ್ಟ್‌ಮ್ಯಾನ್ ಯಾರಾದರೂ ಬಂದರೆ ಹಿಂದಿನವನು ಅವನಿಗೆ, ಏನೂ ಬರೆಯದೆ ಹೊಳೆಯುವ ಬೋರ್ಡೇ ಹವಾಲ್ದಾರರ ಮನೆ ಎಂದು ಹೇಳಿಕೊಡುತ್ತಿದ್ದ. ಮಾವನಿಗೆ ಇದು ಅವಮಾನ ಎನಿಸಿರಲೇ ಇಲ್ಲ.

ಇಂಥ ಇಬ್ಬರು ಬೀಗರು ಒಂದು ಬಂದೂಕಿನ ಕೆಳಗೆ ಕುಳಿತರೆ ಏನಾಗಬೇಕೋ ಅದೇ ಆಗುತ್ತಿತ್ತು. ದೊರೆ ಕೊಟ್ಟ ಬಂದೂಕನ್ನು ಬಾಣಲೆಯ ತಳದ ಹಾಗೆ ಇಟ್ಟಿದ್ದೀರಲ್ಲ, ನಮ್ಮ ಪರೇಡಿನಲ್ಲಿ ಇದಕ್ಕೆ ಏಳು ದಿನ ಶಿಕ್ಷೆ ಎಂದು ಮಾವ ಹೇಳುವುದು, ಮೇಲೆ ಥಳಕು ಒಳಗೆ ಹುಳುಕು ಎನ್ನುವ ಗಾದೆ ಕೇಳಿಲ್ಲವೇ ಎಂದು ಅಪ್ಪ ಹೇಳುವುದು. ಪ್ರತಿ ಹಬ್ಬಕ್ಕೂ ಹೋಳಿಗೆಯ ಜೊತೆ ಇದೂ ಇದ್ದದ್ದೇ. ನಾನು ಇಬ್ಬರನ್ನೂ ನೋಡಿ ಒಳಗೊಳಗೇ ನಗುತ್ತಿದ್ದೆ. ಗಂಡಸರ ತಲೆಯಲ್ಲಿ ಜಾಗ ಬಹಳ ಖಾಲಿ ಇರುತ್ತದೆ, ಅದಕ್ಕೇ ಇಂಥವೆಲ್ಲ ಅಲ್ಲಿ ಹಿಡಿಸುತ್ತವೆ ಎಂದುಕೊಳ್ಳುತ್ತಿದ್ದೆ.

ಎರಡು ವರ್ಷದ ಮೇಲೆ ನಾನು ಬಾಣಂತನಕ್ಕೆ ತವರಿಗೆ ಬಂದೆ. ಮಗಳಿಗೆ ಇಪ್ಪತ್ತು ದಿನವಾಗಿದ್ದಾಗ ಆಯುಧಪೂಜೆ ಬಂತು. ಮಗುವನ್ನು ನೋಡಿದ ಹಾಗೂ ಆಯಿತು, ಹಬ್ಬವೂ ಆಯಿತು ಎಂದು ಮಾವ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿಳಿದರು. ಅಪ್ಪ ಬೂದುಗುಂಬಳಕಾಯಿ ತರಲು ಸಂತೆಗೆ ಹೋಗಿದ್ದರು. ಅಮ್ಮ ಬೆಳಗಿದ ದೀಪಗಳನ್ನೂ ಕುಡುಗೋಲು, ಮಚ್ಚುಗಳನ್ನೂ ಮಣೆಯ ಮೇಲೆ ಜೋಡಿಸಿ, ಪಕ್ಕದಲ್ಲಿ ಬಂದೂಕನ್ನು ಒರಗಿಸಿಟ್ಟಿದ್ದಳು. ಆ ಹೊಳಪಿನ ಸಾಲಿನಲ್ಲಿ ಅದೊಂದು ಕಪ್ಪು. ಮಾವನ ಕೈ ತುರಿಸತೊಡಗಿದ್ದು ನನಗೆ ಹಾಸಿಗೆಯಿಂದಲೇ ಕಾಣುತ್ತಿತ್ತು. ಹುಣಸೆಹಣ್ಣು ಇದೆಯಾ ಅಮ್ಮಾ ಎಂದು ನನ್ನನ್ನು ಕೇಳಿದರು.

ಇಲ್ಲ ಎನ್ನಬಹುದಿತ್ತು. ಅಪ್ಪನಿಗೆ ಇಷ್ಟವಿಲ್ಲ ಎನ್ನಬಹುದಿತ್ತು. ನಾನು ಬಚ್ಚಲ ಕಡೆ ಕೈ ತೋರಿಸಿದೆ. ಅಪ್ಪನ ಸೀಮೆ ಹಿತ್ತಾಳೆಯ ಜಂಬ ಇವತ್ತು ಏನಾಗುತ್ತದೋ ನೋಡೇಬಿಡೋಣ ಎಂಬ ದುರ್ಬುದ್ಧಿ. ಕತೆಯನ್ನು ಸಾವಿರ ಸಲ ಕೇಳಿದವಳಿಗೆ ಅಷ್ಟು ಹಕ್ಕಿದೆ ಎಂದುಕೊಂಡೆ.

ಮಾವ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಶುರುಮಾಡಿದರು. ಬಳೆ ಬೆಳಗಿತು, ಪಟ್ಟಿಗಳು ಬೆಳಗಿದವು. ಹಿಂಬದಿಯ ತಗಡಿಗೆ ಬಂದಾಗ ಅವರ ಕೈ ನಿಧಾನವಾಯಿತು. ಕನ್ನಡಕ ಏರಿಸಿ ನೋಡಿದರು, ಇನ್ನಷ್ಟು ಉಜ್ಜಿದರು. ಆಮೇಲೆ ಮಿಲಿಟರಿ ಹಾಜರಿ ಕೂಗುವ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಓದಿದರು: “ಕೆಂ... ಪ... ಮ್ಮ... ನಿಗೆ... ಅಣ್ಣ...”

ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಕೊಡುತ್ತಾರಲ್ಲ, ಆ ಚುಕ್ಕೆ ಚುಕ್ಕೆಯ ಅಕ್ಷರ. ಅಣ್ಣ ಎಂಬಲ್ಲಿಗೆ ಕತ್ತರಿ ಬಿದ್ದು ಮುಂದಿನದು ಹೋಗಿತ್ತು. ಕೆಂಪಮ್ಮ ಎಂದರೆ ತೀರಿಹೋದ ನಮ್ಮ ಅಜ್ಜಿ. ಯಾವ ಸೀಮೆಯ ದೊರೆ ನಮ್ಮ ಅಜ್ಜಿಯ ಹೆಸರನ್ನು ತನ್ನ ಬಂದೂಕಿಗೆ ಹಾಕಿಸಿಕೊಂಡಾನು? ತಲೆಯೆತ್ತಿದರೆ ಕುಂಬಳಕಾಯಿ ಹೊತ್ತು ಅಪ್ಪ ಅಂಗಳದಲ್ಲಿ ನಿಂತಿದ್ದರು. ಕಾಯಿಯನ್ನು ಕೆಳಗಿಟ್ಟು, ಬಂದೂಕನ್ನು ಮಾವನ ತೊಡೆಯಿಂದ ಎತ್ತಿಕೊಂಡು, ಹೆಗಲ ಟವಲನ್ನು ಅದರ ಮೇಲೆ ಹಾಕಿ ಒಳಗೆ ಹೋದರು. ಆ ವರ್ಷ ಬಂದೂಕಿಗೆ ಪೂಜೆಯಾಗಲಿಲ್ಲ. ಮಾವ ಹೋಳಿಗೆ ತಿನ್ನದೆ ಸಂಜೆಯ ಬಸ್ಸಿಗೆ ಹೋದರು. ಅವರು ಹೋದ ಮೇಲೆ ಅಪ್ಪ ಅಮ್ಮನಿಗೆ ಕೇಳಿಸುವಂತೆ, ಹಲಸೂರಿನ ಆ ಮನೆಗೆ ಇನ್ನು ನಾನು ಕಾಲಿಡುವುದಿಲ್ಲ, ನಾಮಕರಣಕ್ಕೂ ಇಲ್ಲ ಎಂದರು.

ಇದನ್ನು ಕೇಳಿ ನನ್ನ ನಗು ಪೂರ್ತಿ ಇಳಿಯಿತು. ನಾಮಕರಣ ಮೂರನೇ ತಿಂಗಳಲ್ಲಿ ಹಲಸೂರಿನಲ್ಲೇ ಎಂದು ಗೊತ್ತಾಗಿತ್ತು. ತೊಟ್ಟಿಲು, ಉಡಿದಾರ, ಮಗುವಿನ ಬಟ್ಟೆ ಎಲ್ಲ ತವರಿನವರೇ ತರಬೇಕು, ಮಗುವಿನ ತಾತ ಮುಂದೆ ನಿಲ್ಲಬೇಕು. ತವರಿನವರಿಲ್ಲದೆ ತೊಟ್ಟಿಲಿಗೆ ಹಾಕಿಸಿಕೊಂಡ ಮಗು ಎಂಬ ಮಾತನ್ನು ನನ್ನ ಮಗಳು ಮದುವೆಯಾಗುವವರೆಗೂ ಹೊರಬೇಕಾಗುತ್ತದೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದನ್ನು ಕೇಳಿದ್ದೆ. ಬೀಗರ ಜಗಳದಲ್ಲೂ ಆಗುತ್ತದೆ, ಅದೂ ನಾನೇ ತೋರಿಸಿಕೊಟ್ಟ ಹುಣಸೆಹಣ್ಣಿನಿಂದ.

ಮಾರನೆಯ ದಿನ ಬಚ್ಚಲಲ್ಲಿ ನನಗೆ ನೀರು ಹೊಯ್ಯುವಾಗ ಅಮ್ಮ ಎಲ್ಲವನ್ನೂ ಹೇಳಿದಳು. ಅವಳಿಗೆ ಅದನ್ನು ಅಜ್ಜಿ ಇದೇ ಬಚ್ಚಲಲ್ಲಿ, ನಾನು ಹುಟ್ಟಿದಾಗಿನ ಬಾಣಂತನದಲ್ಲಿ ಹೇಳಿದ್ದಳಂತೆ. ದೊರೆ ಬಂದೂಕು ಕೊಟ್ಟದ್ದು ನಿಜ. ಆದರೆ ಹಿಂಬದಿ ಸೀಳಿ, ಹಿತ್ತಾಳೆಯೆಲ್ಲ ಉದುರಿಹೋದ, ತನಗೆ ಬೇಡವಾದ ಬಂದೂಕು. ತಾತ ಅದನ್ನು ಸರಿ ಮಾಡಿಸಲು ಶಿವಾಜಿನಗರಕ್ಕೆ ಹೊತ್ತುಕೊಂಡು ಹೋಗುವಾಗ ಹಿತ್ತಾಳೆಗೆಂದು ಮನೆಯ ಬಿಂದಿಗೆಯನ್ನೂ ತೆಗೆದುಕೊಂಡು ಹೋದರು. ಅಜ್ಜಿಗೆ ಅವಳ ಅಣ್ಣಂದಿರು ಮದುವೆಯಲ್ಲಿ ಹೆಸರು ಹಾಕಿಸಿ ಕೊಟ್ಟಿದ್ದ ಬಿಂದಿಗೆ ಅದು. ಕೇಳಲೂ ಇಲ್ಲ, ಹೇಳಲೂ ಇಲ್ಲ. ಕತ್ತರಿಸಿದ ಕೆಲಸಗಾರನಿಗೆ ಕನ್ನಡ ಬರುತ್ತಿರಲಿಲ್ಲ, ತಾತನಿಗೆ ಓದೇ ಬರುತ್ತಿರಲಿಲ್ಲ. ಇಬ್ಬರಿಗೂ ಅದು ಏನೋ ಒಂದು ಚಿತ್ತಾರವಾಗಿ ಕಂಡಿತು. ಚಂದವಾಗಿದೆ ಎಂದು ಆ ಮಗ್ಗುಲನ್ನೇ ಹೊರಗೆ ಮಾಡಿ ಮೊಳೆ ಹೊಡೆದರು.

ಅಜ್ಜಿ ಎರಡು ದಿನ ಬಿಂದಿಗೆ ಹುಡುಕಿದಳಂತೆ. ಪಕ್ಕದ ಮನೆಯವಳೇ ಕದ್ದಳೆಂದು ಬೀದಿಯಲ್ಲಿ ನಿಂತು ಶಾಪ ಹಾಕಿದಳಂತೆ. ಮೂರನೆಯ ದಿನ ನೆಲ ಗುಡಿಸುತ್ತಾ, ಹೊಸದಾಗಿ ಗೋಡೆಗೆ ಬಂದ ಬಂದೂಕನ್ನು ಕೈಯಾರೆ ಸವರಿದಳು. ಅವಳಿಗೂ ಓದು ಬರುತ್ತಿರಲಿಲ್ಲ. ಆದರೆ ದಿನಾ ಬಿಂದಿಗೆ ಉಜ್ಜಿ ಉಜ್ಜಿ ತನ್ನ ಹೆಸರಿನ ಚುಕ್ಕೆಗಳು ಅವಳ ಹೆಬ್ಬೆರಳಿಗೆ ಬಾಯಿಪಾಠವಾಗಿದ್ದವು. ಆಗ ಅವಳಿಗೆ ಗೊತ್ತಾಯಿತು. ಅವಳು ಪಕ್ಕದ ಮನೆಗೆ ಹೋಗಿ ಕ್ಷಮೆ ಕೇಳಿಕೊಂಡು ಬಂದಳು, ಕುಂಬಾರರ ಮನೆಗೆ ಹೋಗಿ ಒಂದು ಗಡಿಗೆ ತಂದಳು. ಗಂಡನಿಗೆ ಏನೂ ಅನ್ನಲಿಲ್ಲ. ಊರಿನ ಶಾನುಭೋಗರು ಒಮ್ಮೆ ಬಂದು ತಗಡನ್ನು ಓದಿ ನಕ್ಕ ಮೇಲೆ ತಾತ ಬೇಟೆಯ ಶಾಸ್ತ್ರ ಹುಟ್ಟಿಸಿದರು. ಬಂದೂಕಿನ ಹಿತ್ತಾಳೆ ಕಪ್ಪಗಿರಬೇಕು, ಯಾರೂ ಉಜ್ಜಬಾರದು ಎಂದರು. ಅಪ್ಪನಿಗೆ ಆಸ್ತಿಯ ಜೊತೆ ಆ ಶಾಸ್ತ್ರವೂ ಬಂತು. ನಾನು ಬಿಸಿನೀರಿನಲ್ಲಿ ಕುಳಿತು ಅತ್ತೆ. ಅಳಬೇಡ, ಹಾಲು ಕಡಿಮೆಯಾಗುತ್ತೆ ಎಂದು ಅಮ್ಮ ಬೈದಳು.

ಮೂರು ವಾರವಾದ ಮೇಲೆ ಮಾವ ಮತ್ತೆ ಬಂದರು. ಕೈಯಲ್ಲಿ ಹರಳೆಣ್ಣೆಯ ಸೀಸೆ, ಕಾಗದದಲ್ಲಿ ಕಟ್ಟಿದ ದೀಪದ ಮಸಿ. ಅಪ್ಪ ಎದ್ದು ಒಳಗೆ ಹೋಗಲು ನೋಡಿದರು. ಮಾವ ಗೋಡೆಯಿಂದ ಬಂದೂಕನ್ನು ತಾವೇ ಇಳಿಸಿ, ಅದೇ ಜಗಲಿಯಲ್ಲಿ ಕುಳಿತು, ಮಸಿಗೆ ಎಣ್ಣೆ ಬೆರೆಸಿ ತಗಡಿಗೆ ತಿಕ್ಕತೊಡಗಿದರು. ಬರ್ನರುಗಳನ್ನು ಬೆಳಗುತ್ತಿದ್ದಷ್ಟೇ ಶ್ರದ್ಧೆಯಿಂದ ತಿಕ್ಕಿದರು. ಚುಕ್ಕೆಗಳು ಒಂದೊಂದಾಗಿ ಮುಚ್ಚಿಹೋದವು.

“ಬೀಗ್ರೇ, ನೀವ್ ಹೇಳಿದ್ದೇ ಸರಿ. ನಾವೂ ಬಾರ್ಡರ್‌ಗೆ ಹೋಗುವಾಗ ಹೊಳಪು ಮುಚ್ಚಿಬಿಡ್ತಿದ್ವಿ. ನಾನು ಆವತ್ತು ಏನೂ ಓದ್ಲಿಲ್ಲ. ನಂದು ಕನ್ನಡಕ ಸರಿ ಇರ್ಲಿಲ್ಲ,” ಎಂದರು.

ಅಪ್ಪ ಬಾಗಿಲಿಂದಲೇ ತಿರುಗಿ ಅಮ್ಮನಿಗೆ ಕಾಫಿ ಇಡಲು ಹೇಳಿದರು. ಇಬ್ಬರೂ ಒಂದೇ ಲೋಟದಿಂದ ಕುಡಿಯುವುದೊಂದು ಬಾಕಿ, ಅಷ್ಟು ಸ್ನೇಹ. ಜೀವಮಾನವಿಡೀ ಹೊಳಪಿಗಾಗಿ ಬಡಿದಾಡಿದವರು ಬೀಗರ ಮಾನಕ್ಕಾಗಿ ಕೈಯೆಲ್ಲ ಮಸಿ ಮಾಡಿಕೊಂಡರಲ್ಲ, ಆ ದಿನ ಮಾವನ ಮೇಲೆ ನನಗೆ ಬಂದ ಗೌರವ ಇವತ್ತಿಗೂ ಇದೆ. ಗಂಡಸರು ಕೊನೆಗೂ ಒಂದು ವಿಷಯದಲ್ಲಿ ಒಪ್ಪಿದ್ದರು. ಆ ವಿಷಯ ನಮ್ಮ ಅಜ್ಜಿಯ ಹೆಸರನ್ನು ಮುಚ್ಚುವುದಾಗಿತ್ತು ಎಂಬುದೂ ನನಗೆ ಕಾಣದೆ ಇರಲಿಲ್ಲ.

ಕಂಡರೂ ನಾನೇನು ಮಾಡಿದೆ? ಸುಮ್ಮನಿದ್ದೆ. ಅಪ್ಪ ನಾಮಕರಣಕ್ಕೆ ತೊಟ್ಟಿಲು ಹೊರಿಸಿಕೊಂಡು ಬಂದರು. ಹಲಸೂರಿನ ಬೀದಿಯಲ್ಲಿ ತಲೆಯೆತ್ತಿ ನಡೆದರು. ಮಗುವಿಗೆ ಎರಡನೆಯ ಹೆಸರಾಗಿ ಅಜ್ಜಿಯ ಹೆಸರನ್ನು ಕಿವಿಯಲ್ಲಿ ಹೇಳಿಸಬೇಕೆಂದು ನನಗೆ ಆಸೆಯಿತ್ತು. ತೊಟ್ಟಿಲ ಬಳಿ ಹೆಸರು ಹೇಳಲು ನಿಂತಿದ್ದ ಗಂಡನ ಅಕ್ಕ ಇನ್ನೇನು ಹೆಸರು ಎಂದು ಕೇಳಿದಾಗ ನಾನು ಅಪ್ಪನ ಮುಖ ನೋಡಿದೆ. ಅವರು ಆಗಷ್ಟೇ ನನ್ನ ಮಾವನ ನೆಂಟರಿಗೆ ದೊರೆಯ ಕತೆ ಶುರುಮಾಡಿದ್ದರು. ಮಾವ ತಲೆದೂಗುತ್ತಿದ್ದರು. ಸಿಂಧು ಎಂದು ಇಟ್ಟರೆ ಸಾಕು ಎಂದೆ. ಆ ವರ್ಷ ನಮ್ಮ ಬೀದಿಯೊಂದರಲ್ಲೇ ನಾಲ್ಕು ಸಿಂಧುಗಳು ಹುಟ್ಟಿದ್ದವು. ನನ್ನದು ಐದನೆಯದು. ಬಂದೂಕಿಗಾಗಿ ಬಿಂದಿಗೆ ಕತ್ತರಿಸಿದ ತಾತನನ್ನು ಬಾಯಿತುಂಬ ಬೈಯುವ ನಾನು ತೊಟ್ಟಿಲಿಗಾಗಿ ಮಾಡಿದ್ದು ಅದನ್ನೇ. ಕತ್ತರಿ ಮಾತ್ರ ಬೇರೆ.

ಆಮೇಲಿನ ಹತ್ತು ವರ್ಷದಲ್ಲಿ ದ್ರಾಕ್ಷಿ ಹೋಗಿ ಸೈಟುಗಳಾದವು, ಸೈಟು ಹೋಗಿ ಅಪಾರ್ಟ್‌ಮೆಂಟು ಬಂತು. ಅದಕ್ಕೆ ದ್ರಾಕ್ಷಿ ಎಂಬರ್ಥದ ಇಂಗ್ಲಿಷ್ ಹೆಸರಿಟ್ಟರು. ಅಪ್ಪ ಅಮ್ಮ ರಾಮಮೂರ್ತಿ ನಗರದಲ್ಲಿ ಒಂದು ಮನೆ ಮಾಡಿದರು. ಪ್ರತಿ ಚುನಾವಣೆಗೂ ಬಂದೂಕನ್ನು ಠಾಣೆಗೆ ಹೊತ್ತು ಕೊಟ್ಟು, ರಸೀದಿ ಪಡೆದು, ಚುನಾವಣೆ ಮುಗಿದ ಮೇಲೆ ಮತ್ತೆ ಹೊತ್ತು ತರುವುದೇ ಅದರ ಉದ್ಯೋಗವಾಯಿತು. ಬೆಳೆಯಿಲ್ಲದವರಿಗೆ ಬೆಳೆ ಕಾಯುವ ಬಂದೂಕು ಯಾಕೆ ಎಂದು ಲೈಸೆನ್ಸು ನವೀಕರಿಸುವಾಗ ಕೇಳಿದರು. ಅಪ್ಪನಿಗೂ ಸಾಕಾಗಿತ್ತು. ಗಿಳಿಗಳೇ ಇಲ್ಲ, ಯಾರನ್ನು ಹೆದರಿಸಲಿ, ಬ್ರೋಕರುಗಳನ್ನೇ ಎಂದರು. ಪೂರ್ತಿಯಾಗಿ ಒಪ್ಪಿಸಿಬಿಡುವುದೆಂದು ನಿಶ್ಚಯವಾಯಿತು. ಜೊತೆಗೆ ನಾನು ಹೋದೆ.

ಠಾಣೆಯ ರೈಟರ್ ನಳಿಗೆಯ ಮೇಲಿನ ನಂಬರನ್ನು ಲೈಸೆನ್ಸಿನ ಜೊತೆ ತಾಳೆ ನೋಡಿದರು. ದೊರೆಯ ವಿಷಯ ಅಪ್ಪ ಎತ್ತಿದರು. ರೈಟರ್ ಆಕಳಿಸಿದರು. ಮೂಲೆಯಲ್ಲಿ ಇಂಥವೇ ಐದಾರು ಬಂದೂಕುಗಳು ಪೊರಕೆಯ ಪಕ್ಕ ಒರಗಿದ್ದವು. ಎಲ್ಲದಕ್ಕೂ ಒಂದೊಂದು ದೊರೆ ಇದ್ದಿರಬೇಕು. ನಾನು ಧೈರ್ಯ ಮಾಡಿ, ಸಾರ್, ಈ ಹಿಂಬದಿಯ ತಗಡು ಬಿಚ್ಚಿಕೊಳ್ಳಬಹುದಾ ಎಂದು ಕೇಳಿದೆ. ನಮಗೆ ನಂಬರ್ ಮುಖ್ಯ, ಹಿತ್ತಾಳೆ ತಗೊಂಡು ಏನು ಮಾಡೋಣ ಎಂದು ಅವರು ಒಂದು ಇಕ್ಕಳ ಕೊಡಿಸಿದರು.

ಇಕ್ಕಳ ಹಿಡಿದು ಅಪ್ಪನ ಮುಖ ನೋಡಿದೆ. ಈ ಸಲ ಅವರ ಮುಖದಲ್ಲಿ ಏನು ಕಂಡರೂ ಬಿಡುವುದಿಲ್ಲ ಎಂದುಕೊಂಡಿದ್ದೆ. ಅವರು ಬೆಂಚಿನ ಮೇಲೆ ಕುಳಿತು ತಮ್ಮ ಕೈ ನೋಡಿಕೊಳ್ಳುತ್ತಿದ್ದರು.

“ತಗೋ. ಅವಳ್ದೇ ಅದು,” ಎಂದರು. ಆಮೇಲೆ, “ಅವ್ವ ಗಡಿಗೆ ಹೊತ್ಕಂಡ್ ಹೋಗೋದ್ ನೋಡ್ಕಂಡೇ ನಾನ್ ಬೆಳ್ದಿದ್ದು. ಒಂದ್ ಬಿಂದಿಗೆ ತಂದ್ಕೊಡೋಕೆ ನಂಗೇನಾಗಿತ್ತು?” ಎಂದರು.

ತಂದುಕೊಟ್ಟಿದ್ದರೆ ಕತೆ ಸುಳ್ಳೆಂದು ಒಪ್ಪಿಕೊಂಡಂತಾಗುತ್ತಿ‌ತ್ತು, ಅಷ್ಟೇ. ಮೊಳೆ ಕೀಳುವಾಗ ನನ್ನ ಕೈ ಗೀರಿ ರಕ್ತ ಬಂತು. ಅಪ್ಪ ಹೆಗಲ ಟವಲನ್ನು ಹರಿದು ಬೆರಳಿಗೆ ಕಟ್ಟಿದರು.

ತಗಡು ಹಲಸೂರಿಗೆ ಬಂತು. ಮಾವನಿಗೆ ಆಗ ಎಪ್ಪತ್ತೈದು ದಾಟಿತ್ತು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇನ್ನು ಉಜ್ಜಬಹುದಾ ಎಂದು ಸಣ್ಣ ದನಿಯಲ್ಲಿ ಕೇಳಿದರು. ಉಜ್ಜಿ ಎಂದೆ. ಹನ್ನೊಂದು ವರ್ಷದ ಮಸಿಯನ್ನು ಅವರು ಒಂದೇ ಬೆಳಿಗ್ಗೆ ಇಳಿಸಿದರು. ಕೆಂಪಮ್ಮನಿಗೆ ಅಣ್ಣ. ದೇವರ ಮನೆಯಲ್ಲಿ ದೀಪದ ಹಿಂದೆ ಇಟ್ಟೆವು. ಮಾವ ಬಿಡುತ್ತಾರೆಯೇ? ಬರ್ನರುಗಳ ಸರದಿಯಲ್ಲಿ ಅದನ್ನೂ ಸೇರಿಸಿಕೊಂಡರು. ವರ್ಷವಾಗುವಷ್ಟರಲ್ಲಿ ‘ನಿಗೆ’ಯ ಚುಕ್ಕೆಗಳು ಬೆರಳಿಗೆ ಹತ್ತುತ್ತಿರಲಿಲ್ಲ. ಅವರ ಬೋರ್ಡಿನ ಗತಿ ನನ್ನ ಕಣ್ಣ ಮುಂದೆ ಬಂತು. ಉಜ್ಜದಿದ್ದರೆ ಹೆಸರು ಮುಚ್ಚಿಹೋಗುತ್ತದೆ, ಉಜ್ಜಿದರೆ ಸವೆದುಹೋಗುತ್ತದೆ.

ಇದೇ ಚಿಂತೆಯಲ್ಲಿದ್ದಾಗ ನನ್ನ ಗೆಳತಿ ನನ್ನನ್ನು ಆ ಇಂದಿರಾನಗರದ ಅಂಗಡಿಗೆ ಎಳೆದುಕೊಂಡು ಹೋದದ್ದು, ಜುಟ್ಟಿನವರು ಎದೆ ಹಿಡಿದುಕೊಂಡು ಉಜ್ಜಬೇಡಿ ಎಂದದ್ದು. ಹೊರಗೆ ಬಂದು ಬೀಸುವ ಕಲ್ಲನ್ನು ಆಟೋಗೆ ಹತ್ತಿಸುವಾಗ ನನಗೆ ದಾರಿ ತೋರಿತು. ಅವರೇನಾದರೂ ಇದನ್ನು ಓದುತ್ತಿದ್ದರೆ ಮುಂದಿನದನ್ನು ಓದದಿರುವುದು ಅವರ ಎದೆಗೆ ಒಳ್ಳೆಯದು.

ಮಾರನೆಯ ದಿನ ತಗಡನ್ನು ಸೆರಗಿನಲ್ಲಿ ಸುತ್ತಿಕೊಂಡು ಹಲಸೂರು ಬಜಾರಿನ ಪಾತ್ರೆ ಅಂಗಡಿಗೆ ಹೋದೆ. ಹೆಸರು ಹಾಕುವವನು ಮೂಲೆಯಲ್ಲಿ ಟರ್ರ್ ಎನ್ನುವ ಯಂತ್ರ ಹಿಡಿದು, ಯಾರದೋ ಮದುವೆಯ ಸ್ಟೀಲು ಡಬರಿಗಳ ಮೇಲೆ ಬರೆಯುತ್ತಿದ್ದ. ತಗಡನ್ನು ನೋಡಿ, ಇದ್ಯಾವ ಪಾತ್ರೆದು ಎಂದು ಕೇಳಿದ. ಬಿಂದಿಗೆಯದು ಎಂದೆ. ಮಿಕ್ಕ ಬಿಂದಿಗೆ ಎಲ್ಲಿ ಎಂದು ಅವನು ಕೇಳಲಿಲ್ಲ. ಇರುವ ಚುಕ್ಕೆಗಳ ಮೇಲೇ ಹೋಗಬೇಕು, ಒಂದೂ ಆಚೀಚೆ ಆಗಬಾರದು ಎಂದೆ. ಅವನು ಕನ್ನಡಕ ಒರೆಸಿಕೊಂಡು, ಅಂಗಡಿಯ ಪದ್ಧತಿಯಂತೆ ಕೇಳಿದ:

“ಕೊಟ್ಟೋರ ಹೆಸ್ರು ಏನ್ ಹಾಕ್ಲಿ ಮೇಡಂ? ‘ಅಣ್ಣ’ಕ್ಕೇ ನಿಂತ್ಬಿಟ್ಟಿದೆಯಲ್ಲ.”

“ಕೊಟ್ಟೋರದ್ದು ಬೇಡಪ್ಪ. ಅವಳ ಹೆಸರನ್ನ ಮಾತ್ರ ಆಳವಾಗಿ ಹಾಕು. ದಿನಾ ಉಜ್ಜೋ ಪಾತ್ರೆ,” ಎಂದೆ.